ಎರಡು ಸುತ್ತು ನೇಯುವ ತನಕ

ನನ್ನ ಬಳಿ ಉಳಿದಿರುವ ಎರಡು ಕಾಗದಗಳು ಒಂದು ದಿನದ ಮಟ್ಟಿಗೆ ಒಂದನ್ನೊಂದು ಒಪ್ಪುವುದಿಲ್ಲ. ದವಾಖಾನೆಯ ಇಂಜೆಕ್ಷನ್ ರಜಿಸ್ಟರಿನಿಂದ ನಾನೇ ಮಾಡಿಕೊಂಡ ನಕಲಿನಲ್ಲಿ, ಕಾಯಿಪಲ್ಲೆ ಮಾರುವ ಒಬ್ಬ ಹೆಂಗಸಿಗೆ ಸೂಜಿ ಮಾಡಿದ ತಾರೀಖು ಒಂದಿದೆ. ಅದೇ ಹೆಂಗಸಿಗೆ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಅದರ ಹಿಂದಿನ ದಿನದ ತಾರೀಖಿದೆ. ಮುಂದಿನ ವರ್ಷಗಳಲ್ಲಿ ಶಾಸನ, ಕಡತಗಳೊಡನೆ ಹೆಣಗಿದ ನನಗೆ ಒಂದು ದಿನದ ವ್ಯತ್ಯಾಸ ದೊಡ್ಡದೆನಿಸಬಾರದು. ಆದರೆ ಆ ಒಂದು ದಿನದ ಮೇಲೆ ಒಬ್ಬ ನರ್ಸಿನ ನೌಕರಿ ನಿಂತಿತ್ತು. ಆದ್ದರಿಂದ ಇಲ್ಲಿ ಹೇಳುವುದನ್ನು ನನ್ನ ದಿನಚರಿ, ರಜಿಸ್ಟರಿನ ನಕಲು ಮತ್ತು ಆ ವರ್ಷದ ಪಂಚಾಂಗ ಈ ಮೂರನ್ನೂ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮೂರರಲ್ಲಿ ಎರಡು ಒಪ್ಪದ ಕಡೆ ಹಾಗೆಂದು ಹೇಳಿದ್ದೇನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿದ್ದ ಕಾಲವದು. ಏಕೀಕರಣಕ್ಕೆ ಮೊದಲಿನ ಕೊನೆಯ ಚಳಿಗಾಲ. ಈ ನಾಲ್ಕೂ ಕಡೆಯ ಸಣ್ಣ ದವಾಖಾನೆಗಳ ನರ್ಸುಗಳಿಗೆ ತಿಂಗಳಿಗೆರಡು ದಿನ ಜಮಖಂಡಿಯಲ್ಲಿ ಪಾಠ ಹೇಳುವ ಯೋಜನೆಯೊಂದು ಮಂಜೂರಾಯಿತು. ಅದಕ್ಕೆ ಮೂರು ಉದ್ದೇಶಗಳಿದ್ದವು: ಜ್ಞಾನ, ಆತ್ಮವಿಶ್ವಾಸ, ನೆಮ್ಮದಿ. ಪುಣೆಯ ಕಡೆಯಿಂದ ಒಬ್ಬ ಅನುಭವಿ ಶಿಕ್ಷಕಿ ಬಂದರು. ಮರಾಠಿ, ಕನ್ನಡ ಎರಡೂ ಬಲ್ಲ ಪದವೀಧರನೆಂದು ನನ್ನನ್ನು ಅವರ ಸಹಾಯಕನನ್ನಾಗಿ ನೇಮಿಸಿದರು. ಪಾಠವನ್ನು ಕನ್ನಡಕ್ಕೆ ತಿರುಗಿಸುವುದು, ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದು, ಉತ್ತರಗಳಿಗೆ ಅಂಕ ಹಾಕಿ ತಖ್ತೆ, ಅಂದರೆ ಅಂಕಣ ಎಳೆದ ಪಟ್ಟಿ, ತಯಾರಿಸುವುದು ನನ್ನ ಕೆಲಸ. ನರ್ಸುಗಳು ನನ್ನನ್ನು ‘ಮಾಸ್ತರ’ ಎಂದು ಕರೆಯುತ್ತಿದ್ದರು. ಸೂಜಿ ಹಿಡಿಯಲೂ ಬಾರದವನನ್ನು ಹಾಗೆ ಕರೆಯುವುದರಲ್ಲಿ ಸ್ವಲ್ಪ ಚೇಷ್ಟೆಯೂ ಇತ್ತೆಂದು ಈಗ ತೋರುತ್ತದೆ.

ಮೊದಲ ವರ್ಗದಲ್ಲಿ ಎರಡು ತಾಸಿನ ಪಾಠವನ್ನು ನರ್ಸುಗಳೆಲ್ಲ ನಿಂತೇ ಕೇಳಿದರು. ಸ್ಥಳೀಯ ವೈದ್ಯರೊಬ್ಬರು ಗೌರವಾರ್ಥವಾಗಿ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ವೈದ್ಯರು ಕೂತಿರುವಲ್ಲಿ ನರ್ಸು ಕೂರುವುದು ರೂಢಿಯಲ್ಲಿರಲಿಲ್ಲ. ಎರಡನೆಯ ಸಲ ಶಿಕ್ಷಕಿ ವೈದ್ಯರಿಗೆ ನಯವಾಗಿ ಹೇಳಿ ಬರದಂತೆ ಮಾಡಿದರು. ಆಗಲೂ ಯಾರೂ ಕೂರಲಿಲ್ಲ, ಏಕೆಂದರೆ ಅವರ ಕುರ್ಚಿ ಅಲ್ಲೇ ಇತ್ತು. ಕೊನೆಗೆ ಶಿಕ್ಷಕಿಯೇ ಕುರ್ಚಿಯನ್ನೆತ್ತಿ ಹೊರಗಿಟ್ಟು ಬಂದರು. ಆಗ ಬೀಳಗಿಯಿಂದ ಬರುತ್ತಿದ್ದ ಹಿರಿಯ ನರ್ಸು ಗೋಡೆಗೆ ಆತು ಕೂತು, “ಹದಿನಾಕು ವರ್ಷದ ಮ್ಯಾಗ ಇವತ್ತ ಹಗಲಿನ್ಯಾಗ ಕುಂತೇನ್ರಿ ಬಾಯಾರ,” ಎಂದರು. ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಶಿಕ್ಷಕಿ ನಗಲಿಲ್ಲ.

ನೆಮ್ಮದಿಯನ್ನು ಅಳೆಯುವುದಕ್ಕೆಂದು ಮೇಲಿನಿಂದ ಒಂದು ಪ್ರಶ್ನಾವಳಿ ಬಂದಿತ್ತು. ‘ನಿಮ್ಮ ಕೆಲಸದಲ್ಲಿ ನೀವು ಸಂತುಷ್ಟರಾಗಿದ್ದೀರಾ?’ ಎಂಬುದು ಅದರ ಮೊದಲ ಪ್ರಶ್ನೆ. ಎಲ್ಲರೂ ‘ಹೌದು’ ಎಂದು ಬರೆದರು. ತುಂಬಿದ ಹಾಳೆಗಳು ಆಯಾ ದವಾಖಾನೆಯ ವೈದ್ಯರ ಕೈಯಿಂದಲೇ ನಮಗೆ ಬರತಕ್ಕದ್ದೆಂಬ ನಿಯಮವಿತ್ತು. ನಾನು ಕಾರಣ ಕೇಳಿದಾಗ ಬೀಳಗಿಯ ಅದೇ ನರ್ಸು, “ಇಲ್ಲಾ ಅಂತ ಬರದ್ರ ಕುರ್ಚಿ ಕೊಡತಾರೇನ್ರಿ ಮಾಸ್ತರ? ಇದ್ದ ಕೆಲಸಾನೂ ಹೋಗತೈತಿ,” ಎಂದರು. ನನ್ನ ತಖ್ತೆಯ ನೆಮ್ಮದಿಯ ಅಂಕಣದಲ್ಲಿ ತಿದ್ದುವುದಕ್ಕೇನೂ ಇರಲಿಲ್ಲ.

ಯುಗಾದಿಗೆ ಮುಂಚೆ ಮೊದಲ ಪರೀಕ್ಷೆಯಾಯಿತು. ಅದರಲ್ಲಿ ನಾನು ತುಂಬ ಹೆಮ್ಮೆಪಟ್ಟುಕೊಂಡಿದ್ದ ಪ್ರಶ್ನೆಯೊಂದಿತ್ತು: ‘ಗಾಜಿನ ಸಿರಿಂಜು ಮತ್ತು ಸೂಜಿಯನ್ನು ಎಷ್ಟು ಹೊತ್ತು ಕುದಿಸಬೇಕು?’ ಶಿಕ್ಷಕಿ ಇದಕ್ಕಾಗಿ ಒಂದು ಇಡೀ ಮುಂಜಾವು ವೆಚ್ಚ ಮಾಡಿದ್ದರು. ಕೊಳವೆಯನ್ನೂ ಅದರೊಳಗಿನ ದಂಡವನ್ನೂ ಬೇರೆ ಬೇರೆ ಮಾಡಿ, ಗಾಜು ಸೀಳದಂತೆ ಬಟ್ಟೆಯಲ್ಲಿ ಸುತ್ತಿ, ತಣ್ಣೀರಲ್ಲೇ ಹಾಕಿ ಸ್ಟವ್ವಿನ ಮೇಲಿಡಬೇಕು. ನೀರು ತಳಮಳ ಕುದಿಯತೊಡಗಿದ ಮೇಲೆ ಇಪ್ಪತ್ತು ನಿಮಿಷ; ಕುದಿ ಬರುವ ಮುಂಚಿನ ಹೊತ್ತನ್ನು ಹಿಡಿಯಬಾರದು. ನಡುವೆ ಇನ್ನೊಂದು ಸೂಜಿ ಹಾಕಿದರೆ ಲೆಕ್ಕ ಮತ್ತೆ ಮೊದಲಿಂದ. ಎತ್ತುವ ಚಿಮಟವೂ ಕುದಿದಿರಬೇಕು. ಉತ್ತರಕ್ಕೆ ಸಂಖ್ಯೆಯೊಂದೇ ಸಲ್ಲುತ್ತದೆ, ಸಂಖ್ಯೆಯಿಲ್ಲದ ಉತ್ತರಕ್ಕೆ ಶೂನ್ಯ ಎಂಬ ನಿಯಮವನ್ನು ನಾನೇ ಮಾಡಿದ್ದೆ. ಅಂಕ ಹಾಕುವವನ ಇಷ್ಟಾನಿಷ್ಟ ನಡುವೆ ಬರಬಾರದೆಂಬುದು ನನ್ನ ತರ್ಕ.

ರಬಕವಿ-ಬನಹಟ್ಟಿ ಕಡೆಯ ನೇಕಾರರ ಓಣಿಯೊಂದಕ್ಕೆ ಹತ್ತಿಕೊಂಡು ಆಗ ಒಂದು ಸಣ್ಣ ದವಾಖಾನೆಯಿತ್ತು. ಅದೀಗ ಇಲ್ಲ. ಅಲ್ಲಿಯ ನರ್ಸು ಮೂವತ್ತರ ಆಸುಪಾಸಿನವರು, ನೇಕಾರರ ಮನೆತನದವರು, ಮಿತಭಾಷಿ. ಅವರ ನೇಮಣೂಕಿ ಇನ್ನೂ ಹಂಗಾಮಿಯಾಗಿತ್ತು. ಖಾಯಂ ಆಗುವುದಕ್ಕೆ ವೈದ್ಯರ ಶಿಫಾರಸೂ ನಮ್ಮ ಪರೀಕ್ಷೆಯ ಅಂಕಗಳೂ ಬೇಕಾಗಿದ್ದವು. ಉಳಿದ ಪ್ರಶ್ನೆಗಳಿಗೆ ಅವರು ಚೆನ್ನಾಗಿ ಬರೆದಿದ್ದರು. ಕುದಿಸುವ ಪ್ರಶ್ನೆಗೆ ಮಾತ್ರ ಹೀಗೆ ಬರೆದಿದ್ದರು: ‘ಕುದಿ ಬಂದ ಮೇಲೆ ಬಾಜೂ ಮನೆಯ ಮಗ್ಗ ಎರಡು ಸುತ್ತು ನೇಯುವ ತನಕ.’

ನಾನು ಕೆಂಪು ಶಾಯಿಯಲ್ಲಿ ಶೂನ್ಯ ಹಾಕಿದೆ. ಪಾಠ ತಲೆಗೆ ಹೋಗಿಲ್ಲವೆಂದು ಶಿಕ್ಷಕಿಯ ಮುಂದೆ ಗೊಣಗಿದ್ದೂ ದಿನಚರಿಯಲ್ಲಿದೆ.

ಅದೇ ವರ್ಗದಲ್ಲಿ ಶಿಕ್ಷಕಿ, ದಿನದ ಇಂಜೆಕ್ಷನ್ ರಜಿಸ್ಟರಲ್ಲದೆ, ಇನ್ನೊಂದು ಹೊಸ ರಜಿಸ್ಟರನ್ನು ಜಾರಿಗೆ ತಂದರು. ಸೂಜಿ ಮಾಡಿದ ಮೇಲೆ ಯಾರಿಗಾದರೂ ಆ ಜಾಗದಲ್ಲಿ ಬಾವು ಬಂದು ಕೀವು ತುಂಬಿದರೆ ಅವರ ಹೆಸರು, ಸೂಜಿ ಮಾಡಿದ ತಾರೀಖು, ತಿರುಗಿ ಬಂದ ತಾರೀಖು ಎಲ್ಲವನ್ನೂ ಅದರಲ್ಲಿ ದಾಖಲಿಸಬೇಕು. ‘ತಪ್ಪು ಬರೆದಿಟ್ಟರೆ ತಿದ್ದಬಹುದು; ಯಾರೂ ಶಿಕ್ಷಿಸುವುದಿಲ್ಲ’ ಎಂಬ ಅವರ ಮಾತನ್ನು ನಾನೇ ಕನ್ನಡದಲ್ಲಿ ಹೇಳಿದ್ದೆ. ಮುಂಗಾರಿನ ಹೊತ್ತಿಗೆ ಆ ರಜಿಸ್ಟರುಗಳು ಪರಿಶೀಲನೆಗೆ ಬಂದವು. ಉಳಿದೆಲ್ಲ ದವಾಖಾನೆಗಳವು ಕೊಂಡಾಗಿನಷ್ಟೇ ಬೆಳ್ಳಗಿದ್ದವು. ಮಗ್ಗದ ಉತ್ತರ ಬರೆದಿದ್ದ ನರ್ಸಿನದರಲ್ಲಿ ಮಾತ್ರ ಅರ್ಧ ಪುಟದಷ್ಟು ಹೆಸರುಗಳಿದ್ದವು.

ಬೆಳ್ಳಗಿನ ರಜಿಸ್ಟರಿನವರಿಗೆ ಜಿಲ್ಲಾ ಕಚೇರಿಯಿಂದ ಪ್ರಶಂಸೆಯ ಪತ್ರ ಹೋಯಿತು. ಬರೆದಿಟ್ಟವರ ದವಾಖಾನೆಗೆ ವಿವರಣೆ ಕೇಳಿ ಪತ್ರ ಬಂತು. ಅಲ್ಲಿಯ ವೈದ್ಯರು ಉತ್ತರ ಕೊಟ್ಟರು: ನರ್ಸು ಅಜಾಗರೂಕರು, ಕುದಿಸುವುದು ತಿಳಿಯದವರು, ಅವರನ್ನು ತೆಗೆದುಹಾಕಿ ಬೇರೆಯವರನ್ನು ಕಳಿಸಬೇಕು. ಪುರಾವೆಯಾಗಿ ಅವರ ಪರೀಕ್ಷೆಯ ಉತ್ತರಪತ್ರಿಕೆಯ ನಕಲನ್ನು ನಮ್ಮಿಂದ ತರಿಸಿಕೊಳ್ಳಬೇಕೆಂದೂ ಸೂಚಿಸಿದ್ದರು. ಹೀಗೆ ನಾನು ಹಾಕಿದ ಶೂನ್ಯ ಒಬ್ಬರ ಅನ್ನದ ಮೇಲೆ ಸಾಕ್ಷಿ ಹೇಳಲು ಹೊರಟಿತು.

ನಕಲು ಕಳಿಸುವ ಮುಂಚೆ ಒಮ್ಮೆ ಸ್ಥಳಕ್ಕೆ ಹೋಗಿ ದಾಖಲೆ ನೋಡುತ್ತೇನೆಂದು ಶಿಕ್ಷಕಿಯನ್ನು ಕೇಳಿಕೊಂಡೆ. ನರ್ಸಿನ ಮೇಲಿನ ಕರುಣೆಗಿಂತ ಶಿಕ್ಷಕಿಯ ಮಾತು ನನ್ನ ಬಾಯಿಂದ ಸುಳ್ಳಾಯಿತಲ್ಲ ಎಂಬ ಕಸಿವಿಸಿಯೇ ನನ್ನನ್ನು ಅಲ್ಲಿಗೆ ನೂಕಿತು.

ದವಾಖಾನೆಯಲ್ಲಿದ್ದದ್ದು ಮೂರು ಖೋಲಿಗಳು. ವೈದ್ಯರ ಖೋಲಿಯಲ್ಲಿ ಗೋಡೆಗಡಿಯಾರವಿತ್ತು. ನಡುವಿನದು ರೋಗಿಗಳು ಕೂರುವ ಪಡಸಾಲೆ. ಹಿಂದಿನ ಸಣ್ಣ ಖೋಲಿಯಲ್ಲಿ ಸ್ಟವ್ವು, ಹಿತ್ತಾಳೆಯ ಪಾತ್ರೆ, ಸೂಜಿಗಳಿದ್ದವು; ಅಲ್ಲೇ ನರ್ಸಿನ ಕೆಲಸ. ಅದರ ಹಿಂಗೋಡೆಗೆ ಹತ್ತಿ ಒಬ್ಬ ಮುದುಕ ನೇಕಾರರ ಮನೆಯಿತ್ತು. ಗೋಡೆಯಾಚೆಯಿಂದ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಅವರ ಕುಣಿಮಗ್ಗದ ಬಡಿತ ಎಡೆಬಿಡದೆ ಕೇಳುತ್ತಿತ್ತು. ನಾನು ಮೊದಲ ಎರಡು ದಿನ ಅದನ್ನು ಲೆಕ್ಕ ತಪ್ಪಿಸುವ ಪೀಡೆಯೆಂದೇ ತಿಳಿದೆ.

ಬಾವು ಬಂದವರೆಲ್ಲರ ಸೂಜಿಯ ತಾರೀಖುಗಳನ್ನು ಒಂದು ಹಾಳೆಯ ಮೇಲೆ ಇಳಿಸಿಕೊಂಡಾಗ ವಿಚಿತ್ರವೊಂದು ಕಂಡಿತು. ಅವು ಮೂರು ತಿಂಗಳ ತುಂಬ ಹರಡಿರಲಿಲ್ಲ. ಒಬ್ಬ ಹೆಂಗಸನ್ನು ಬಿಟ್ಟರೆ ಉಳಿದವರಿಗೆಲ್ಲ ಮೂರೇ ದಿನಗಳಲ್ಲಿ ಸೂಜಿಯಾಗಿತ್ತು. ವಾರ ನೋಡಿದೆ, ಮೂರೂ ಬೇರೆ ಬೇರೆ ವಾರ. ಔಷಧದ ಪೆಟ್ಟಿಗೆಗಳ ಮೇಲಿನ ಗುರುತು ನೋಡಿದೆ. ಅದೇ ಪೆಟ್ಟಿಗೆಯ ಔಷಧ ಮರುದಿನ ಕೊಟ್ಟವರಿಗೆ ಏನೂ ಆಗಿರಲಿಲ್ಲ. ಸ್ಟವ್ವಿನ ಎಣ್ಣೆ ತೀರಿದ ದಿನಗಳನ್ನು ನೋಡಿದೆ. ವೈದ್ಯರ ರಜೆ ನೋಡಿದೆ. ಯಾವುದೂ ಕೂಡಿಬರಲಿಲ್ಲ. ಆ ಮೂರೂ ದಿನ ರೋಗಿಗಳ ಸಂಖ್ಯೆ ಬೇರೆ ದಿನಗಳಿಗಿಂತ ಬಹಳ ಹೆಚ್ಚಿತ್ತು ಎಂಬುದೊಂದೇ ಹೊಸದಾಗಿ ತಿಳಿದದ್ದು. ಏಕೆ ಹೆಚ್ಚಿತ್ತೆಂಬುದು ತಿಳಿಯಲಿಲ್ಲ.

ನರ್ಸನ್ನು ಕೇಳಿದೆ. ಅವರು ಬಟ್ಟೆ ಮಡಚುತ್ತ, “ದಿನಾ ಹೆಂಗ ಕುದಸ್ತೇನಿ ಹಂಗ ಕುದಸೇನ್ರಿ. ಮತ್ತ ಏನ್ ಹೇಳಲಿ?” ಎಂದರು.

“ಮರ್ತು ಬಿಟ್ಟಿರಬೇಕಲ್ಲಾ ಒಂದೊಂದ್ ದಿನಾ?”

“ಮರ್ತಿದ್ರ ರಜಿಸ್ಟರಿನ್ಯಾಗ ಹೆಸರ ಬರಿಯೂದೂ ಮರೀತಿದ್ನಿಲ್ಲೇನ್ರಿ ಮಾಸ್ತರ? ಬರೀಬ್ಯಾಡಾ ಅಂದಿದ್ರ ಎಲ್ಲಾರಂಗ ಸುಮ್ಮನಿರತಿದ್ನಿ. ಬರೀರಿ ಅಂದಾವ್ರು ನೀವ.”

ವೈದ್ಯರನ್ನೂ ಕೇಳಿದೆ. ಅವರು ದುಷ್ಟರಲ್ಲ, ಮೂರು ಜನರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದವರು, ಊಟದ ಹೊತ್ತು ಮೀರಿದ ಮೇಲೂ ಚೀಟಿ ಬರೆಯುತ್ತಿದ್ದವರು. ತಲೆ ಎತ್ತದೆ ಹೇಳಿದರು: “ನೀರ ಕಾಸಾಕ ಬರದಾವ್ರಿಗೆ ನೀವು ಪುಸ್ತಕಾ ಓದಸಾಕತ್ತೀರಿ. ನಾ ಏನ್ ಹೇಳೂದು? ಮುಂದಿನ ಪೇಶಂಟಗ ಜಾಗಾ ಬಿಡ್ರಿ.”

ಎರಡು ಸಲ ಬರಿಗೈಯಲ್ಲಿ ಜಮಖಂಡಿಗೆ ತಿರುಗಿದೆ. ಜಿಲ್ಲಾ ಕಚೇರಿಯಿಂದ ಉತ್ತರಪತ್ರಿಕೆಗಾಗಿ ತಗಾದೆ ಬಂತು. ಮೂರನೆಯ ಸಲ, ಇನ್ನು ಕೊನೆಯ ಸಲವೆಂದುಕೊಂಡು ಹೋದಾಗ, ಓಣಿ ಹೊಕ್ಕೊಡನೆ ಏನೋ ತಪ್ಪಿದಂತೆನಿಸಿತು. ಪಡಸಾಲೆ ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದರು. ಆದರೂ ನಿಶ್ಶಬ್ದವಾಗಿತ್ತು. ಮಗ್ಗಗಳು ನಿಂತಿದ್ದವು. ಬಾಜೂ ಮನೆಯ ಕಟ್ಟೆಯ ಮೇಲೆ ಮುದುಕ ನೇಕಾರರು ಮೊಮ್ಮಗಳಿಗೆ ಮಣ್ಣಿನ ಎತ್ತು ಮಾಡಿಕೊಡುತ್ತಿದ್ದರು.

“ಯಾಕ್ರೀ ಅಜ್ಜಾರ, ಇವತ್ತ ಮಗ್ಗ ಬಂದ್?”

“ನಿಮ್ಮೂರಾಗ ಕ್ಯಾಲೆಂಡರ ಇಲ್ಲೇನ್ರಿ? ಮಣ್ಣೆತ್ತಿನ ಅಮಾಸಿ. ಅಮಾಸಿ ದಿನಾ ಮಗ್ಗಕ್ಕ ಕೈ ಹಚ್ಚೂದಿಲ್ಲ ನಾವು.”

“ಪ್ರತಿ ಅಮಾಸೀಗೂ?”

“ಪ್ರತಿ ಅಮಾಸೀಗೂ. ಅವತ್ತ ಒಂದಿನಾ ಆರಾಮಾ. ಆರಾಮಂದ್ರ ಏನ್, ತಿಂಗಳಗಟ್ಲೆ ನುಂಗಿಕೊಂಡ ಜಡ್ಡೆಲ್ಲಾ ಅವತ್ತ ದವಾಖಾನಿಗೆ ಹೊತಗೊಂಡು ಹೋಗೂದು. ನೋಡ್ರಲ್ಲಾ, ಹ್ಯಾಂಗ ಕುಂತಾರ.”

ಆ ವರ್ಷದ ಪಂಚಾಂಗ ಅವರ ಮನೆಯ ಗೂಡಿನಲ್ಲೇ ಇತ್ತು. ಯುಗಾದಿ ಅಮಾವಾಸ್ಯೆ, ಅದರ ಮುಂದಿನದು, ಬಾದಾಮಿ ಅಮಾವಾಸ್ಯೆ. ನನ್ನ ಹಾಳೆಯ ಮೂರು ದಿನಗಳು ಅವೇ. ವಾರ ಹುಡುಕಿದ್ದೆ, ತಾರೀಖು ಹುಡುಕಿದ್ದೆ. ತಿಥಿ ನೋಡಬೇಕೆಂಬುದು ಹೊಳೆದಿರಲಿಲ್ಲ. ‘ಎರಡು ಸುತ್ತು ನೇಯುವ ತನಕ’ ಎಂಬ ವಾಕ್ಯ ಆಗ ನೆನಪಾಯಿತು.

“ಅಜ್ಜಾರ, ನೇಯೂವಾಗ ಒಂದ್ ಸುತ್ತು ಅಂದ್ರ ಏನು?”

ಮುದುಕರು ಒಳಗೆ ಕರೆದೊಯ್ದು, ಕುಣಿಗೆ ಇಳಿಯದೆ ದೂರದಿಂದಲೇ ತೋರಿಸಿದರು. ನೇಯ್ದ ಬಟ್ಟೆ ಕೈಗೆಟುಕುವಷ್ಟು ಬಂದ ಮೇಲೆ ಬಡಿತ ನಿಲ್ಲಿಸಿ, ಮುಂದಿನ ಮರದ ದಿಂಡಿಗೆ ಅದನ್ನು ಸುತ್ತಿಕೊಂಡು, ಮತ್ತೆ ನೇಯತೊಡಗುತ್ತಾರೆ. ಸುತ್ತುವಾಗ ದಿಂಡು ಕಿರ್ರೆನ್ನುತ್ತದೆ. ಆ ಸದ್ದು ಗೋಡೆಯಾಚೆ ಸ್ಪಷ್ಟವಾಗಿ ಕೇಳುತ್ತದೆ. “ಐವತ್ತು ವರ್ಷದ ಕೈ ಐತ್ರಿ ಇದು. ಒಂದ್ ಸುತ್ತಿಗೂ ಇನ್ನೊಂದ್ ಸುತ್ತಿಗೂ ಎಳಿಯಷ್ಟ ಫರಕ ಬರೂದಿಲ್ಲ. ಡಾಕ್ಟರಸಾಹೇಬ್ರ ಗಡಿಯಾರಕ್ಕ ಎಂಟ ದಿನಕ್ಕೊಮ್ಮೆ ಕೀಲಿ ಕೊಡಬೇಕು. ನನಗ ದಿನಾ ಎರಡು ರೊಟ್ಟಿ ಕೊಟ್ರ ಆತು.”

ನಾನು ಪಡಸಾಲೆಯ ಜನರನ್ನು ದಾಟಿ ಹಿಂದಿನ ಖೋಲಿಗೆ ಹೋದೆ. ಪಾತ್ರೆಯಲ್ಲಿ ಸೂಜಿಗಳು ಕುದಿಯುತ್ತಿದ್ದವು. ನರ್ಸು ಚಿಮಟ ಕೈಗೆತ್ತಿಕೊಂಡಿದ್ದರು.

“ಇವತ್ತ ಹೊತ್ತು ಹೆಂಗ ಹಿಡೀತೀರಿ?” ಎಂದೆ.

“ಇವತ್ತೇನ್ರಿ? ಅಂದಾಜು.”

ನನ್ನ ಹಾಳೆಯನ್ನು ಅವರ ಮುಂದೆ ಹಿಡಿದು ಮೂರು ಅಮಾವಾಸ್ಯೆಗಳ ಹೆಸರು ಹೇಳಿದೆ. ಅವರು ಒಬ್ಬೊಬ್ಬ ರೋಗಿಯ ಹೆಸರನ್ನೂ ಬೆರಳಿಟ್ಟು ಓದಿದರು. ಕೊನೆಯ ಹೆಸರಿನವರೆಗೂ ಓದಿದರು. ಆಮೇಲೆ ಚಿಮಟವನ್ನು ಮೆಲ್ಲಗೆ ಪಾತ್ರೆಯೊಳಗೆ ತಿರುಗಿ ಇಟ್ಟರು.

ಪಡಸಾಲೆಯಾಚೆಯಿಂದ ವೈದ್ಯರ ದನಿ ಬಂತು: “ಬಾಯಾರ, ಸೂಜಿ ತರ್ರಿ. ಎಷ್ಟೊತ್ತು?”

“ಇನ್ನೂ ಆಗಿಲ್ರಿ ಸಾಹೇಬ್ರ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದರು. ಮತ್ತೆ ಅದೇ ಉತ್ತರ. ಮೂರನೆಯ ಸಲ ವೈದ್ಯರೇ ಎದ್ದು ಬಂದರು. ಬಾಗಿಲಲ್ಲಿ ನಿಂತು, “ಹೊರಗ ಐವತ್ತ ಮಂದಿ ಕುಂತಾರ. ಆಗಿಲ್ಲಾ ಅಂದ್ರ ಯಾವಾಗ ಆಕ್ಕೈತಿ?” ಎಂದರು.

ನರ್ಸು ನಿಂತೇ ಇದ್ದರು, ಯಾವಾಗಲೂ ನಿಲ್ಲುವಂತೆ ಕೈ ಕಟ್ಟಿಕೊಂಡು. ದನಿಯೂ ಏರಲಿಲ್ಲ. “ಗಡಿಯಾರ ನಿಮ್ಮ ಖೋಲ್ಯಾಗ ಐತ್ರಿ ಸಾಹೇಬ್ರ. ಈಗಿಂದ ಇಪ್ಪತ್ತ ಮಿನಿಟ ಆತಂದ್ರ ನೀವ ಒಂದ್ ಕೂಗು ಹೇಳ್ರಿ. ಅಲ್ಲೀತನಕ ನಾ ಇವನ್ನ ಎತ್ತೂದಿಲ್ಲ.”

ವೈದ್ಯರು ನನ್ನ ಕಡೆ ನೋಡಿ, “ಇದನ್ನೇನ್ರಿ ನೀವು ಕಲಿಸಿದ್ದು?” ಎಂದು ಕೇಳಿ ಹೊರಟುಹೋದರು. ಇಪ್ಪತ್ತು ನಿಮಿಷಕ್ಕೆ ಅವರು ಕೂಗು ಹೇಳಲಿಲ್ಲ. ನಾನು ನನ್ನ ಕೈಗಡಿಯಾರ ನೋಡಿ ಹೇಳಿದೆ.

ಮರುದಿನ ಮಗ್ಗ ನಡೆದಾಗ ಅದೇ ಗಡಿಯಾರ ಹಿಡಿದು ಗೋಡೆಯ ಈಚೆ ಕೂತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ಅಳೆದೆ. ಎರಡು ಸುತ್ತು ಒಮ್ಮೆಯೂ ಇಪ್ಪತ್ತು ನಿಮಿಷಕ್ಕಿಂತ ಕಡಿಮೆಯಾಗಲಿಲ್ಲ. ಯಾವಾಗಲೂ ಒಂದೆರಡು ನಿಮಿಷ ಹೆಚ್ಚೇ. ಅಂದರೆ ನಾನು ಶೂನ್ಯ ಹಾಕಿದ ಉತ್ತರ ಆ ಖೋಲಿಯ ಮಟ್ಟಿಗೆ ಸರಿಯಾಗಿತ್ತು. ತಿಂಗಳಿಗೊಂದು ದಿನ ಬಿಟ್ಟು.

ಉಳಿದದ್ದು ಆ ಕಾಯಿಪಲ್ಲೆ ಮಾರುವ ಹೆಂಗಸು. ದಿನದ ಇಂಜೆಕ್ಷನ್ ರಜಿಸ್ಟರಿನ ಪ್ರಕಾರ ಅವರಿಗೆ ಸೂಜಿಯಾದದ್ದು ಬಾದಾಮಿ ಅಮಾವಾಸ್ಯೆಯ ಮರುದಿನ, ಮಗ್ಗ ನಡೆಯುತ್ತಿದ್ದ ದಿನ. ಆ ಒಂದು ಹೆಸರು ನಿಂತರೆ ನನ್ನ ವಾದ ನಿಲ್ಲುವುದಿಲ್ಲ. ಮಗ್ಗದ ಲೆಕ್ಕವೂ ನಂಬತಕ್ಕದ್ದಲ್ಲವೆಂದಾಗುತ್ತದೆ. ವೈದ್ಯರು ತಮ್ಮ ಚೀಟಿಗಳನ್ನು ದಿನದ ಕೊನೆಗೆ ಒಂದು ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರು. ಕೇಳಿದಾಗ ಅವರು ಬೇಡವೆನ್ನಲಿಲ್ಲ. ಆ ತಂತಿಯನ್ನು ಒಂದು ಮಧ್ಯಾಹ್ನವೆಲ್ಲ ಬಿಚ್ಚಿ ನೋಡಿದೆ. ಅವರದೇ ಕೈಯಲ್ಲಿ ಅಮಾವಾಸ್ಯೆಯ ತಾರೀಖಿನ ಚೀಟಿ ಸಿಕ್ಕಿತು. ನರ್ಸು ಹೇಳಿದರು, ಆ ದಿನ ಗದ್ದಲದಲ್ಲಿ ಕೊನೆಯ ಕೆಲವು ಹೆಸರು ಬರೆಯಲಾಗದೆ ಮರುದಿನ ಬೆಳಿಗ್ಗೆ ಬರೆದಿದ್ದೆ, ಬರೆದ ದಿನದ ತಾರೀಖನ್ನೇ ಹಾಕಿಬಿಟ್ಟೆ ಎಂದು. ಇದು ಸಂಭವನೀಯ. ಆದರೂ ರಜಿಸ್ಟರಿನ ತಾರೀಖನ್ನು ತಿದ್ದಲು ನಾನು ಒಪ್ಪಲಿಲ್ಲ. ಎರಡೂ ದಾಖಲೆಗಳ ನಕಲುಗಳನ್ನು ಹಾಗೆಯೇ ಲಗತ್ತಿಸಿ, ವ್ಯತ್ಯಾಸವನ್ನು ಟಿಪ್ಪಣಿಯಲ್ಲಿ ಹೇಳಿದೆ.

ನಿಜವಾದ ನಿರ್ಧಾರ ಅದಾದ ಮೇಲೆ ಮಾಡಬೇಕಾಯಿತು. ತಾರೀಖುಗಳ ಈ ತಖ್ತೆಯನ್ನು ಕಳಿಸಿದರೆ ಬಾವುಗಳಿಗೆ ಕಾರಣ ಕುದಿ ಸಾಲದ್ದು ಎಂದು ಸಾಬೀತಾಗುತ್ತದೆ. ವೈದ್ಯರು ಹೇಳಿದ್ದೂ ಅದನ್ನೇ. ಕಳಿಸದಿದ್ದರೆ ಶೂನ್ಯವೊಂದೇ ಮಾತಾಡುತ್ತದೆ. ಶಿಕ್ಷಕಿ ಹೇಳಿದ್ದು ಇಷ್ಟೇ: ಅವರ ತಪ್ಪನ್ನು ಬರೆಯುವುದಾದರೆ ನಿನ್ನದನ್ನೂ ಬರೆ. ನಾನು ಮೂರು ಪುಟದ ವರದಿ ಬರೆದೆ. ಸರಿಯಾದ ಉತ್ತರಕ್ಕೆ ಶೂನ್ಯ ಹಾಕಿದ್ದು ಪರೀಕ್ಷಕನ ತಪ್ಪೆಂದು ಮೊದಲ ಪುಟದಲ್ಲಿ. ಅಮಾವಾಸ್ಯೆಯ ದಿನ ಹೊತ್ತು ತಿಳಿಯುವ ಸಾಧನವಿಲ್ಲದ್ದು ಎರಡನೆಯದರಲ್ಲಿ. ಗೋಡೆಗಡಿಯಾರವನ್ನು ವೈದ್ಯರ ಖೋಲಿಯಿಂದ ಸ್ಟವ್ವಿನ ಖೋಲಿಗೆ ಒಯ್ಯಬೇಕೆಂದು ಮೂರನೆಯದರಲ್ಲಿ. ಅದನ್ನು ನಾನೇ ವಿಜಾಪುರಕ್ಕೆ ಒಯ್ದೆ.

ಜಿಲ್ಲಾ ಕಚೇರಿಯ ಅಧಿಕಾರಿ ವಿಜ್ಞಾನದ ಅಭಿಮಾನಿ. ಎರಡನೆಯ ಪುಟದಲ್ಲಿ ಅವರ ಕಣ್ಣು ನಿಂತಿತು.

“ಅಮಾಸಿ?”

“ಹೌದ್ರಿ. ಅವತ್ತು ಮಗ್ಗ...”

“ಸರ್ಕಾರ ನಿಮಗ ಅಮಾಸಿ ಹುಣ್ಣಿಮಿ ನೋಡಾಕ ಪಗಾರ ಕೊಡತೈತೇನ್ರಿ? ಓದಿದಾವ್ರು ನೀವು. ಅಮಾಸಿ ದಿನಾ ಸೂಜಿ ಮಾಡಿಸಿಕೋಬ್ಯಾಡ್ರಿ ಅಂತ ಊರಾಗ ಡಂಗುರಾ ಸಾರಸೋಣೇನು?”

“ಅಮಾಸೀದಲ್ರೀ ಸಾಹೇಬ್ರ ತಪ್ಪು. ಮಗ್ಗ ನಿಂತಿರತಾವ, ಅದಕ್ಕ...”

“ಮಗ್ಗಕ್ಕೂ ಬಾವೂಗೂ ಏನ್ ಸಂಬಂಧ?”

ಸಂಬಂಧವನ್ನೇ ಮೂರು ಪುಟಗಳಲ್ಲಿ ಬರೆದಿದ್ದೆ. ಅವರು ಅದನ್ನು ಓದಲಿಲ್ಲ. ಮೂಢನಂಬಿಕೆಯ ಭಾಗವನ್ನು ತೆಗೆದು ಪುನಃ ಸಲ್ಲಿಸತಕ್ಕದ್ದು ಎಂದು ಅಂಚಿನಲ್ಲಿ ಷರಾ ಬರೆದು ಕೊಟ್ಟರು. ತಿರುಗಿ ಬಂದು ತಿಥಿಗಳನ್ನು ತೆಗೆದು ಬರೀ ತಾರೀಖುಗಳನ್ನಿಟ್ಟು ಕಳಿಸಿದೆ. ಈ ತಾರೀಖುಗಳನ್ನೇ ಆರಿಸಿದ್ದೇಕೆ, ವಿವರಿಸಿ ಎಂದು ಪತ್ರ ಬಂತು. ವಿವರಿಸಿದೆ. ಹಿಂದಿನ ಷರಾ ನೋಡಿ ಎಂದು ಉತ್ತರ ಬಂತು. ಗಡಿಯಾರದ ವಿಷಯದಲ್ಲಿ ಬೇರೊಂದು ಪತ್ರವಿತ್ತು: ಅದು ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ವೈದ್ಯರ ಖೋಲಿಯ ವಸ್ತುವೆಂದು ದಾಖಲಾಗಿದ್ದು, ಸ್ಥಳ ಬದಲಿಸಲು ಮಂಜೂರಾತಿ ಬೇಕು, ಮಂಜೂರಾತಿಗೆ ಕಾರಣ ಬೇಕು, ಕಾರಣ ವಿಚಾರಣೆಯಲ್ಲಿದೆ. ವೈದ್ಯರ ಎರಡನೆಯ ದೂರೂ ಅದೇ ಕಡತ ಸೇರಿತು. ಅದರಲ್ಲಿ ನರ್ಸಿನ ಮೇಲೆ ಅಜಾಗರೂಕತೆಯ ಜೊತೆಗೆ ಉದ್ಧಟತನವನ್ನೂ ಹೊರಿಸಿದ್ದರು.

ಯೋಜನೆಯ ತಖ್ತೆಯಲ್ಲಿ ‘ಆತ್ಮವಿಶ್ವಾಸ’ ಎಂಬ ಅಂಕಣವಿತ್ತು. ಸ್ಟವ್ವಿನ ಮುಂದೆ ಕೈಕಟ್ಟಿ ನಿಂತು ಅವರು ಆಡಿದ ಮಾತನ್ನು ಅಲ್ಲಿ ತುಂಬಲು ಪ್ರಯತ್ನಿಸಿದೆ. ಆ ಅಂಕಣ ಮುದ್ರಿತ ಐದು ಪ್ರಶ್ನೆಗಳ ಉತ್ತರಗಳಿಂದ ಮಾತ್ರ ತುಂಬತಕ್ಕದ್ದಾಗಿತ್ತು. ಮುಚ್ಚಿ ಮೊಹರು ಮಾಡಿದ ಉತ್ತರಪತ್ರಿಕೆಯ ಅಂಕ ತಿದ್ದುವುದಕ್ಕೂ ಅವಕಾಶವಿರಲಿಲ್ಲ. ಆ ನಿಯಮವೂ ನನ್ನದೇ.

ನನ್ನ ಕೈಗಡಿಯಾರ ಆ ಮಳೆಗಾಲವೆಲ್ಲ ಸ್ಟವ್ವಿನ ಪಕ್ಕದ ಮೊಳೆಗೆ ತೂಗುಬಿದ್ದಿತ್ತು. ಅದಿಲ್ಲದೆ ಎರಡು ಸಲ ಮುಧೋಳದ ಬಸ್ಸು ತಪ್ಪಿಸಿಕೊಂಡೆ. ನಾಗರ ಅಮಾವಾಸ್ಯೆಗೂ ಅದರ ಮುಂದಿನ ಎರಡಕ್ಕೂ ಬಾವುಗಳ ರಜಿಸ್ಟರಿನಲ್ಲಿ ಹೊಸ ಹೆಸರು ಬರಲಿಲ್ಲ. ಇಷ್ಟರಿಂದ ಸಿದ್ಧಾಂತ ಕಟ್ಟಲು ಬಾರದೆಂದು ನನಗೆ ಗೊತ್ತು, ಆದದ್ದನ್ನು ಹೇಳುತ್ತಿದ್ದೇನೆ.

ಕಡತ ಚಲಿಸಲಿಲ್ಲ. ಅಮಾವಾಸ್ಯೆಯ ವಿವರಣೆ ಬರುವ ತನಕ ನರ್ಸನ್ನು ತೆಗೆಯುವಂತಿರಲಿಲ್ಲ, ಖಾಯಂ ಮಾಡುವಂತೆಯೂ ಇರಲಿಲ್ಲ. ನವೆಂಬರ್ ಒಂದಕ್ಕೆ ನಾವೆಲ್ಲ ಮೈಸೂರು ರಾಜ್ಯದವರಾದೆವು. ಶಿಕ್ಷಕಿಯನ್ನು ಪುಣೆಗೆ ಹಿಂದಕ್ಕೆ ಕರೆಸಿಕೊಂಡರು. ಯೋಜನೆಯ ಕಾಗದಪತ್ರಗಳು ಪುಣೆಗೆ ಹೋದವೆಂದು ವಿಜಾಪುರದವರೂ, ಬೆಂಗಳೂರಿಗೆ ಹೋದವೆಂದು ಪುಣೆಯವರೂ ಹೇಳಿದರು. ನಿವೃತ್ತನಾದ ಮೇಲೆ ಎರಡೂ ಕಡೆ ಹುಡುಕಿದೆ, ಸಿಗಲಿಲ್ಲ. ನವೆಂಬರ್ ಒಂದರಂದು ಹಾಜರಿಯಲ್ಲಿದ್ದ ನೌಕರರ ಪಟ್ಟಿ ಹೊಸ ರಾಜ್ಯಕ್ಕೆ ಹೋಯಿತು. ನರ್ಸಿನ ಹೆಸರು ಅದರಲ್ಲಿತ್ತು, ಏಕೆಂದರೆ ಅದನ್ನು ತೆಗೆಯುವ ಕಾಗದದ ಮೇಲೆ ಯಾರೂ ಸಹಿ ಹಾಕಿರಲಿಲ್ಲ. ಒಂದು ಕೆಟ್ಟ ಷರಾ ಮಾಡಿದ ಉಪಕಾರವನ್ನು ನನ್ನ ಮೂರು ಪುಟಗಳು ಮಾಡಲಿಲ್ಲ.

ಕೆಲವು ದಿನಗಳ ಮೇಲೆ ಅವರಿಗೆ ಬೇರೊಂದು ಊರಿಗೆ ವರ್ಗವಾಯಿತು. ಹೋಗುವ ಮುಂಚೆ ಗಡಿಯಾರ ಕೊಡಲು ಜಮಖಂಡಿಗೆ ಬಂದರು. ನಮ್ಮ ಆಫೀಸೆಂಬುದು ಆಗ ಎರಡು ಪೆಟ್ಟಿಗೆಗಳ ಮೇಲೆ ನಿಂತಿತ್ತು. ಒಂದೇ ಕುರ್ಚಿಯಿತ್ತು. ನಾನು ಎದ್ದು ತೋರಿಸಿದೆ, ಅವರು ಕೂತರು.

“ಅಲ್ಲೆ ಗಡಿಯಾರ ಐತಂತ್ರಿ ವಾರ್ಡಿನ್ಯಾಗ. ಮೊದಲ ಕೇಳೇನಿ,” ಎಂದರು. ಆಮೇಲೆ, “ಮಾಸ್ತರ, ಆ ಪೇಪರಿನ್ಯಾಗ ಕುದಸೂ ಪ್ರಶ್ನಿಗೆ ನನಗ ಎಷ್ಟ ಕೊಟ್ಟಿದ್ರಿ?”

ಸುಳ್ಳು ಹೇಳಬಹುದಿತ್ತು. “ಸೊನ್ನಿ,” ಎಂದೆ. “ನನ್ನ ತಪ್ಪು. ನಿಮ್ಮ ಉತ್ತರ ಬರೋಬ್ಬರಿ ಇತ್ತು.”

ಅವರು ಗಡಿಯಾರದ ಪಟ್ಟಿಯನ್ನು ಬೆರಳಿಂದ ಒರೆಸಿ ಪೆಟ್ಟಿಗೆಯ ಮೇಲಿಟ್ಟು ಹೇಳಿದರು:

“ಬರೋಬ್ಬರಿ ಇರಲಿಲ್ರಿ. ಮಗ್ಗ ನಿಂತ ದಿನಾ ಏನ್ ಮಾಡಬೇಕಂತ ನಾ ಬರದಿರಲಿಲ್ಲ.”

ಅದನ್ನು ನಾವೂ ಕೇಳಿರಲಿಲ್ಲ.